ತಿರುವಿಲ್ಲದ ನೇರ ಮೆಟ್ಟಿಲು: ವರ್ಷಗಟ್ಟಲೆ ಹತ್ತಿಳಿದ ಮೇಲೆ

ಮೈಸೂರಿನ ವಿಜಯನಗರದಲ್ಲಿ 30x40 ನಿವೇಶನದ ನಮ್ಮ ಮನೆಯಲ್ಲಿ ಮೆಟ್ಟಿಲು ಹಜಾರದ ಗೋಡೆಗೆ ಒತ್ತಿಕೊಂಡು, ಎಲ್ಲೂ ತಿರುಗದೆ ಒಂದೇ ಓಟದಲ್ಲಿ ಮಹಡಿಗೆ ಏರುತ್ತದೆ. ಮನೆ ಕಟ್ಟಿಸುವವರು ನೋಡಲು ಬಂದಾಗ ಮೊದಲು ಕೇಳುವುದು ಇದನ್ನೇ: ಜಾಗ ಉಳಿಯುತ್ತದೆಯೇ?

ಅರ್ಧ ನಿಜ. ಮಹಡಿಯ ಎತ್ತರ ಹತ್ತೂವರೆ ಅಡಿ. ಏಳು ಇಂಚಿನ 18 ಏರು (ಒಂದೊಂದು ಮೆಟ್ಟಿಲಿನ ಎತ್ತರ), ಹತ್ತು ಇಂಚಿನ 17 ತುಳಿ (ಕಾಲಿಡುವ ಜಾಗ) ಎಂದರೆ ಉದ್ದವೇ 14 ಅಡಿ ದಾಟುತ್ತದೆ. ಮೂರು ಅಡಿ ಅಗಲಕ್ಕೆ ನಲವತ್ತು ಚಿಲ್ಲರೆ ಚದರ ಅಡಿ. ನಡುವೆ ತಿರುಗುವ ಮೆಟ್ಟಿಲಿಗೆ ಅರವತ್ತಾದರೂ ಬೇಕು. ಆದರೆ ತಿರುಗುವ ಮೆಟ್ಟಿಲು ನಿಮ್ಮನ್ನು ಹೊರಟ ಜಾಗದ ನೆತ್ತಿಗೇ ತಂದು ಬಿಡುತ್ತದೆ. ನೇರ ಮೆಟ್ಟಿಲು ಮನೆಯ ಆಚೆ ತುದಿಗೆ ಒಯ್ಯುತ್ತದೆ. ಅಲ್ಲಿಂದ ಮನೆಯ ಮುಂಭಾಗದ ಕೋಣೆಗೆ ಬರಲು ಮೇಲೆ ಒಂದು ಓಣಿ ಬಿಡಬೇಕಾಯಿತು. ಕೆಳಗೆ ಉಳಿಸಿದ್ದನ್ನು ಮೇಲೆ ತೆತ್ತೆವು.

ಸಾಮಾನು ಸಾಗಿಸಲು ಮಾತ್ರ ಇದಕ್ಕೆ ಸಾಟಿಯಿಲ್ಲ. ಗಾಡ್ರೇಜ್ ಬೀರು, ಮಂಚದ ಹಲಗೆ, ವಾಷಿಂಗ್ ಮೆಷಿನ್ ಎಲ್ಲವೂ ಗೋಡೆಗೆ ತಾಗದೆ ಮೇಲೇರಿವೆ. ಕಾಂಕ್ರೀಟ್ ಸುರಿಯಲು ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸವೂ ಸುಲಭ. ದಸರೆಗೆ ಬಂದ ನೆಂಟರು ತುಳಿಗಳನ್ನು ಎಣಿಸಿ, ಬೆಸಸಂಖ್ಯೆಯೇ ಇದೆ, ಗೊಂಬೆ ಇಲ್ಲೇ ಕೂರಿಸಿ ಎಂದು ಹಾಸ್ಯ ಮಾಡುತ್ತಾರೆ. ಮಲಗುವ ಕೋಣೆಗೆ ದಾರಿ ಅದೊಂದೇ ಎಂಬುದು ಅವರಿಗೇನು ಗೊತ್ತು!

ನನ್ನ ನಿಜವಾದ ತಕರಾರು ಮೊದಲ ಮೆಟ್ಟಿಲಿನದು. ಮೇಸ್ತ್ರಿ ಕಾಂಕ್ರೀಟ್ ಹಾಕುವಾಗ ಎಲ್ಲ ಏರುಗಳನ್ನೂ ಸಮವಾಗಿಯೇ ಇಟ್ಟ. ಆಮೇಲೆ ಹಜಾರದ ನೆಲಕ್ಕೆ ಗಾರೆ, ಟೈಲ್ಸ್ ಸೇರಿ ಮೂರು ಇಂಚು ಏರಿತು. ಮೆಟ್ಟಿಲಿನ ಮೇಲೆ ಗ್ರಾನೈಟ್ ಸೇರಿ ಒಂದೂವರೆ ಇಂಚು ಮಾತ್ರ. ಹಾಗಾಗಿ ಮೊದಲ ಏರು ಐದೂವರೆ ಇಂಚಿಗೆ ಇಳಿದಿದೆ. ಇಳಿಯುವಾಗ ಕಾಲು ಏಳು ಇಂಚಿಗೆ ಸಿದ್ಧವಾಗಿರುತ್ತದೆ, ನೆಲ ಮೊದಲೇ ಬಂದು ಹಿಮ್ಮಡಿಗೆ ಗುದ್ದುತ್ತದೆ. ನಮಗೆ ರೂಢಿಯಾಗಿದೆ, ಹೊಸಬರು ಮುಗ್ಗರಿಸುತ್ತಾರೆ. ಕೊನೆಯ ನೆಲಮಟ್ಟ ಗೊತ್ತಾಗುವ ಮುನ್ನ ಮೆಟ್ಟಿಲಿನ ಲೆಕ್ಕ ಹಾಕಲು ಬಿಡಬೇಡಿ.

ಇನ್ನೊಂದು, ನಡುವೆ ನಿಲ್ಲುವ ಜಾಗವೇ ಇಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಆವೃತ್ತಿ ವಾಸದ ಮನೆಯಲ್ಲಿ ಒಂದು ಓಟಕ್ಕೆ 15 ಏರಿನ ಮಿತಿ ಹೇಳಿತ್ತು. ನಮ್ಮ 18 ಅದನ್ನು ಮೀರಿದೆ. ಆ ಮಿತಿ ಏಕೆಂಬುದು ಅಮ್ಮನ ಮಂಡಿನೋವು ಶುರುವಾದಾಗ ತಿಳಿಯಿತು. ಅವರು ಹತ್ತನೆಯ ಮೆಟ್ಟಿಲಿನಲ್ಲಿ ಕಂಬಿ ಹಿಡಿದು ನಿಂತರೆ ಹಿಂದೆ ಬರುವವರೂ ನಿಲ್ಲಬೇಕು. ಜಾರಿದರಂತೂ ತಡೆಯುವುದು ಏನೂ ಇಲ್ಲ, ಸೀದಾ ಹಜಾರಕ್ಕೆ. ಹೊಳಪಿನ ಗ್ರಾನೈಟ್‌ಗೆ ಅಂಚಿನಲ್ಲಿ ಗೀರು ಕೊರೆಸಿದೆವು. ಅದರಲ್ಲಿ ಧೂಳು ಕೂರುತ್ತದೆ, ಆದರೂ ಒದ್ದೆ ಕಾಲಿಗೆ ಹಿಡಿತ ಸಿಗುತ್ತದೆ.

ಕಳೆದ ವರ್ಷ ಗೋಡೆಯ ಬದಿಗೂ ಮೂರು ಅಡಿ ಎತ್ತರದಲ್ಲಿ ಒಂದು ಕಂಬಿ ಹಾಕಿಸಿದೆವು. ಅಮ್ಮ ಈಗ ಎರಡೂ ಕೈಯಲ್ಲಿ ಹಿಡಿದು ಹತ್ತುತ್ತಾರೆ, ಒಗೆದ ಬಟ್ಟೆಯ ಬುಟ್ಟಿ ಮಾತ್ರ ನನ್ನ ಪಾಲಿಗೆ ಬಂದಿದೆ.