ಗಾಳಿ ತುಂಬುವ ತಾರಾಲಯ: ಆಕಾಶ ಚೆನ್ನಾಗಿತ್ತು, ಕೊನೆಯ ಐದು ನಿಮಿಷ ಬಿಟ್ಟು

ಕಳೆದ ಭಾನುವಾರ ನಮ್ಮ ಬಡಾವಣೆಯವರು ಮಕ್ಕಳಿಗೆ ಅಂತ ಮೊಬೈಲ್ ಪ್ಲಾನೆಟೇರಿಯಂ ಕರೆಸಿದ್ದರು. ಟೆಂಟಿನ ಹಾಗೆ ಮಡಚಿ ತರುತ್ತಾರೆ, ಫ್ಯಾನ್ ಹಾಕಿದರೆ ಬೋರಲು ಹಾಕಿದ ಬುಟ್ಟಿಯಂತೆ ಉಬ್ಬಿ ನಿಲ್ಲುತ್ತದೆ. ತಲೆಗೆ 80 ರೂಪಾಯಿ. ಹೆಸರು ಬೇಡ, ಹುಡುಗರು ಪಾಪ ಕಷ್ಟಪಟ್ಟು ಮಾಡುತ್ತಾರೆ.

ಚಿತ್ರ ಮಾತ್ರ ಸೂಪರ್. ಬೀದಿ ದೀಪದ ಕಾಟಕ್ಕೆ ನಮ್ಮ ಮಕ್ಕಳು ಆಕಾಶಗಂಗೆ ನೋಡಿಯೇ ಇಲ್ಲ, ಇಲ್ಲಿ ತಲೆ ಮೇಲೆ ಅದು ಹರಡಿಕೊಂಡಾಗ ಗಲಾಟೆಯೆಲ್ಲ ಗಪ್‌ಚುಪ್. ಚಾಪೆ ತೆಳು, ಯಾರಾದರೂ ಬಾಗಿಲು ತೆಗೆದಾಗಲೆಲ್ಲ ಡೋಮ್ ಕುಗ್ಗಿ ಶನಿಗ್ರಹ ಮೊಟ್ಟೆಯಂತಾಗುತ್ತಿತ್ತು, ಅದಕ್ಕೆಲ್ಲ ನನ್ನ ತಕರಾರಿಲ್ಲ.

ತಕರಾರು ಮಹಾಸ್ಫೋಟದ್ದು, ಅಂದರೆ ವಿಶ್ವ ಶುರುವಾದ ಬಿಗ್ ಬ್ಯಾಂಗ್ ತೋರಿಸಿದ ರೀತಿಯದ್ದು. ಕಪ್ಪು ಪರದೆ ನಡುವೆ ಒಂದು ಚುಕ್ಕೆ, ಢಂ ಅಂತ ಸದ್ದು, ಸುತ್ತ ಕಿಡಿ, ಥೇಟ್ ದೀಪಾವಳಿ ಪಟಾಕಿ. "ವಿಶ್ವದ ನಡುಮಧ್ಯ ಇದೇ" ಅಂದುಬಿಟ್ಟ ಹುಡುಗ. ನನ್ನ ಮಗಳು "ಅದು ಈಗ ಎಲ್ಲಿದೆ ಅಣ್ಣಾ?" ಅಂದಳು. "ತುಂಬಾ ದೂರ ಪುಟ್ಟಿ" ಅಂದ.

ಇಲ್ಲಪ್ಪ! ಖಾಲಿ ಜಾಗದ ಒಂದು ಮೂಲೆಯಲ್ಲಿ ಸಿಡಿದದ್ದಲ್ಲ ಅದು, ಜಾಗವೇ ಎಲ್ಲ ಕಡೆ ಒಟ್ಟಿಗೆ ಹಿಗ್ಗತೊಡಗಿದ್ದು. ಅದಕ್ಕೇ, ಅದಾಗಿ ಸುಮಾರು 3.8 ಲಕ್ಷ ವರ್ಷಕ್ಕೆ ಹೊರಟ ಬೆಳಕು ಈಗಲೂ ಮೈಕ್ರೋವೇವ್ ಎಂಬ ಕಣ್ಣಿಗೆ ಕಾಣದ ಅಲೆಗಳ ರೂಪದಲ್ಲಿ ಎಲ್ಲ ದಿಕ್ಕಿನಿಂದ ಹೆಚ್ಚುಕಡಿಮೆ ಒಂದೇ ಸಮ ಬರುತ್ತಿದೆ. ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲೇ ಇದನ್ನು ವರದಿ ಮಾಡಿದ್ದರು.

ಮನೆಗೆ ಬಂದು ಹಳೇ ಲಂಗದ ಎಲಾಸ್ಟಿಕ್ ಮೇಲೆ ಇಂಚಿಗೊಂದು ಚುಕ್ಕೆ ಇಟ್ಟು ಎರಡರಷ್ಟು ಎಳೆದೆವು. ಪಕ್ಕದ ಚುಕ್ಕೆ ಒಂದಿಂಚು ದೂರ ಸರಿಯಿತು, ಅದರಾಚೆಯದು ಎರಡಿಂಚು. ಯಾವ ಚುಕ್ಕೆಯಿಂದ ಅಳೆದರೂ ಅದೇ ಲೆಕ್ಕ. ಗ್ಯಾಲಕ್ಸಿಗಳೂ (ನಕ್ಷತ್ರಗಳ ದೊಡ್ಡ ಗುಂಪುಗಳು) ಹೀಗೇ, ದೂರ ಇದ್ದಷ್ಟೂ ಜಾಸ್ತಿ ವೇಗದಲ್ಲಿ ದೂರ ಸರಿಯುತ್ತಿವೆ ಅಂತ ಖಗೋಳ ವಿಜ್ಞಾನಿ ಹಬಲ್ 1929ರಲ್ಲಿ ತೋರಿಸಿದ್ದು. "ಎಲಾಸ್ಟಿಕ್‌ಗೆ ನಡು ಇದೆಯಲ್ಲಪ್ಪ" ಅಂದಳು ಮಗಳು, ಸರಿಯಾದ ಮಾತೇ. ರಬ್ಬರ್ ಬ್ಯಾಂಡ್ ಕೊಟ್ಟು ಇದರ ಮೇಲೆ ನಡು ಎಲ್ಲಿ ಹುಡುಕು ಅಂದೆ. ವಿಶ್ವವೂ ಉಂಗುರದ ಹಾಗೆ ಸುತ್ತಿಕೊಂಡಿದೆ ಅಂತಲ್ಲ ಮತ್ತೆ. ಆ ಹಳೇ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಅಳತೆ ನೋಡಿದರೆ ಅದು ಬಹುಪಾಲು ಸಪಾಟು, ಅಂದರೆ ಎಷ್ಟೇ ದೊಡ್ಡ ತ್ರಿಕೋನ ಎಳೆದರೂ ಮೂರು ಕೋನ ಸೇರಿ 180 ಡಿಗ್ರಿಯೇ.

ಬೇಜಾರೆಂದರೆ, ಒಳ್ಳೆಯ ಉದಾಹರಣೆ ಆ ಹುಡುಗರ ತಲೆ ಮೇಲೇ ಇತ್ತು. ಡೋಮಿನ ನಡುವೆ ಕೂತರೆ ಗೋಡೆ ಎಲ್ಲ ಕಡೆ ಒಂದೇ ದೂರ, ಅಲ್ವಾ? ನಮಗೆ ಕಾಣಬಹುದಾದ ವಿಶ್ವವೂ ಅಷ್ಟೇ, ಸುತ್ತಲೂ ಸುಮಾರು 4,650 ಕೋಟಿ ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ). ವಿಶ್ವದ ವಯಸ್ಸು 1,380 ಕೋಟಿ ವರ್ಷವೇ ಆದರೂ ಬೆಳಕು ನಡೆಯುತ್ತಿದ್ದ ಹಾಗೇ ದಾರಿಯೂ ಹಿಗ್ಗುತ್ತಾ ಹೋಯಿತು. ಬೇರೆ ಗ್ಯಾಲಕ್ಸಿಯಲ್ಲಿ ಕೂತವರಿಗೆ ಅವರದೇ ಡೋಮ್, ನಡುವೆ ಅವರೇ. ಶೋನಲ್ಲಿ "ವಿಶ್ವದ ಅಳತೆ 9,300 ಕೋಟಿ ಜ್ಯೋತಿರ್ವರ್ಷ" ಅಂದದ್ದು ಈ ಡೋಮಿನ ಅಡ್ಡಗಲ ಅಷ್ಟೇ, ಆಚೆ ಎಷ್ಟಿದೆಯೋ ಯಾರೂ ಅಳೆದಿಲ್ಲ.

ನನ್ನ ಅಂಕ ಐದಕ್ಕೆ ಮೂರೂವರೆ. ಕರೆಸುವವರಿದ್ದರೆ ಬೆಳಗಿನ ಶೋ ಇಡಿಸಿ, ಮಧ್ಯಾಹ್ನ ಒಳಗೆ ಬೆಂದುಹೋಗುತ್ತೀರಿ.