ಪೋಕೆಮಾನ್ ಕಾರ್ಡಿನ ಸರ್ಟ್ (ಸರ್ಟಿಫಿಕೇಟ್) ನಂಬರ್ ಮ್ಯಾಚ್ ಆಯ್ತು ಅಂತ ದುಡ್ಡು ಹಾಕ್ಬೇಡಿ, ನಾನು 22,000 ಕಳ್ಕೊಂಡೆ

ಮನೇಲಿ ಇನ್ನೂ ಹೇಳಿಲ್ಲ. ಬರೆಯೋಕೂ ನಾಚಿಕೆ ಆಗ್ತಿದೆ. ಆದ್ರೂ ಬರೀತಿದೀನಿ, ಯಾಕಂದ್ರೆ ನನಗೆ ನಕಲಿ ಕಾರ್ಡ್ ಮಾರಿದವನು ಇನ್ನೂ ಮಾರ್ತಾನೇ ಇದಾನೆ.

1999ರ ಬೇಸ್ ಸೆಟ್ ಚಾರಿಜಾರ್ಡ್, 4/102, ಪಿಎಸ್‌ಎ 6 (ಪಿಎಸ್‌ಎ ಅಂದ್ರೆ ಕಾರ್ಡ್ ಪರೀಕ್ಷಿಸಿ 10ರವರೆಗೆ ಗ್ರೇಡ್ ಕೊಟ್ಟು, ನಂಬರ್ ಇರೋ ಲೇಬಲ್ ಜೊತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡೋ ಕಂಪನಿ). ಚಿಪ್ಸ್ ಪ್ಯಾಕೆಟ್‌ನಲ್ಲಿ ಟಾಜೋ ಹುಡುಕ್ತಿದ್ದ ವಯಸ್ಸಿಂದ ಆಸೆಪಟ್ಟಿದ್ದ ಕಾರ್ಡ್. ನಾನು ಬಾಯಿ ಬಿಡೋ ಮುಂಚೆ ಅವನೇ ಅಂದ: "ಬ್ರೋ, ಮೊದ್ಲು ನಂಬರ್ ಚೆಕ್ ಮಾಡ್ಕೊಳ್ಳಿ, ಆಮೇಲೆ ಮಾತಾಡೋಣ." ಪಿಎಸ್‌ಎ ಸೈಟಲ್ಲಿ ಹಾಕಿದೆ. ಅದೇ ಕಾರ್ಡ್, ಅದೇ ಗ್ರೇಡ್. ಅಷ್ಟಕ್ಕೇ ನಂಬ್ಬಿಟ್ಟೆ. ವಿಡಿಯೋ ಕೇಳಿದ್ದಕ್ಕೆ "ಲಾಕರಲ್ಲಿದೆ, ಇನ್ನಿಬ್ರು ಕೇಳ್ತಿದಾರೆ, ಬೇಕಾ ಬೇಡ್ವಾ ಹೇಳಿ" ಅಂದ. ಯುಪಿಐ ಮಾಡ್ಬಿಟ್ಟೆ.

ಸ್ಲ್ಯಾಬ್, ಅಂದ್ರೆ ಕಾರ್ಡ್ ಸೀಲ್ ಮಾಡಿರೋ ಆ ಡಬ್ಬಿ, ಬಂತು. ಎರಡು ದಿನ ಕೈಯಲ್ಲಿ ಹಿಡ್ಕೊಂಡೇ ಓಡಾಡಿದೀನಿ. ಮೂರನೇ ರಾತ್ರಿ ಸುಮ್ನೆ ಪಿಎಸ್‌ಎ ಸೈಟಲ್ಲಿ ಆ ನಂಬರ್‌ಗೆ ಇರೋ ಕಾರ್ಡಿನ ಸ್ಕ್ಯಾನ್ ದೊಡ್ಡದು ಮಾಡಿ ಪಕ್ಕದಲ್ಲಿಟ್ಟು ನೋಡಿದೆ. ಹೋಲೋ (ಹೊಳೆಯೋ ಫಾಯಿಲ್) ಚುಕ್ಕಿಗಳು ಎಲ್ಲಾ ಕಾರ್ಡಲ್ಲೂ ಒಂದೇ ಜಾಗದಲ್ಲಿ ಬೀಳಲ್ಲ, ಗೊತ್ತಲ್ವಾ. ಸ್ಕ್ಯಾನಲ್ಲಿ ರೆಕ್ಕೆ ಮೇಲೆ ದೊಡ್ಡ ನಕ್ಷತ್ರ ಇದೆ. ನನ್ನದರಲ್ಲಿ ಆ ಜಾಗ ಖಾಲಿ. ಸ್ಕ್ಯಾನಲ್ಲಿ ಎಡಗಡೆ ಹಳದಿ ಅಂಚು ಸಣ್ಣ, ನನ್ನದರಲ್ಲಿ ಎರಡೂ ಕಡೆ ಸಮ. ಕೈ ತಣ್ಣಗಾಯ್ತು. ಸ್ಲ್ಯಾಬ್ ಅಂಚಿಗೆ ಟಾರ್ಚ್ ಬಿಟ್ರೆ ಒಂದು ಮೂಲೇಲಿ ಅಂಟು ಒಣಗಿರೋ ಗೆರೆ. ಅಸಲಿ ಕಾರ್ಡ್ ಇನ್ಯಾರ ಹತ್ರಾನೋ ಇದೆ. ಅದರ ನಂಬರ್ ಕದ್ದು ಲೇಬಲ್ ಪ್ರಿಂಟ್ ಹೊಡೆದಿದಾನೆ. ನಂಬರ್ ಮ್ಯಾಚ್ ಆಗದೆ ಇನ್ನೇನಾಗುತ್ತೆ?

ಫೋಟೋ ಕಳಿಸಿದೆ. ಮೊದಲ ಉತ್ತರ: "ಲೈಟಿಂಗ್ ವ್ಯತ್ಯಾಸ ಬ್ರೋ." ನಕ್ಷತ್ರ ಎಲ್ಲಿ ಹೋಯ್ತು ಅಂದೆ. "ನಂಬರ್ ಮ್ಯಾಚ್ ಆಗುತ್ತೆ ತಾನೆ?" ಮತ್ತೆ ಕೇಳಿದೆ. ಆಗ ಬಂತು: "ನೀವೇ ಬದಲಾಯಿಸಿ ನನ್ನ ಮೇಲೆ ಹಾಕ್ತಿದೀರಾ? ಕಂಪ್ಲೇಂಟ್ ಕೊಡ್ತೀನಿ." ನಾನು ಕಳ್ಳ ಅಂತೆ! ದುಡ್ಡಿಗಿಂತ ಆ ಒಂದು ಮೆಸೇಜ್ ಇವತ್ತಿಗೂ ಸುಡುತ್ತೆ. ಆಮೇಲೆ ಬ್ಲಾಕ್.

1930ಕ್ಕೆ (ಸೈಬರ್ ವಂಚನೆ ಹೆಲ್ಪ್‌ಲೈನ್) ಫೋನ್ ಮಾಡೋಕೆ ನಾಚಿಕೇಲಿ ನಾಲ್ಕು ದಿನ ತಡ ಮಾಡಿದೆ. ಅಷ್ಟರಲ್ಲಿ ದುಡ್ಡು ಆ ಖಾತೆಯಿಂದ ಹೊರಟೋಗಿತ್ತು. ನೀವು ಹಂಗೆ ಮಾಡ್ಬೇಡಿ, ಗೊತ್ತಾದ ಗಂಟೇಲೇ ಫೋನ್ ಮಾಡಿ.

ನಂಬರ್ ಅಲ್ಲ, ಸ್ಕ್ಯಾನ್ ನೋಡಿ: ಚುಕ್ಕಿ, ಅಂಚು, ಗೀರು ಒಂದೊಂದೇ ಹೋಲಿಸಿ. ಹಳೇ ನಂಬರ್‌ಗಳಿಗೆ ಎಷ್ಟೋ ಸಲ ಸ್ಕ್ಯಾನೇ ಇರಲ್ಲ, ಅಂಥದ್ದನ್ನ ಕೈಯಲ್ಲಿ ಹಿಡಿದು ನೋಡದೆ ತಗೊಳ್ಳಲೇಬೇಡಿ. ಸ್ಲ್ಯಾಬ್ ಪಕ್ಕ ಇವತ್ತಿನ ತಾರೀಖು, ನಿಮ್ಮ ಹೆಸರು ಬರೆದ ಚೀಟಿ ಇಟ್ಟು ವಿಡಿಯೋ ಮಾಡಿ ಅನ್ನಿ. ಲಾಕರ್ ಕಥೆ ಹೇಳಿದ್ರೆ ಅಲ್ಲಿಗೆ ಬಿಡಿ.

ಇವತ್ತು ಬೆಳಗ್ಗೆ ಅದೇ ಫೋಟೋ, ಅದೇ ನಂಬರ್ ಬೇರೆ ಹೆಸರಲ್ಲಿ ಮತ್ತೆ ಮಾರಾಟಕ್ಕೆ ಬಂದಿದೆ. ಈ ಸಲ ರೇಟು 19,000. ಕೆಳಗೆ ಆಗಲೇ ಒಬ್ಬರು "ಇನ್ನೂ ಇದೆಯಾ?" ಅಂತ ಕೇಳಿದಾರೆ. ಅವರಿಗೆ ಮೆಸೇಜ್ ಹಾಕಿದೀನಿ, ಇನ್ನೂ ನೋಡಿಲ್ಲ.