ಖಾಲಿ ಮಂಚವೂ ಉಸಿರಾಡ್ತಿತ್ತು: ಎರಡು ರಾಡಾರ್, ಒಂದು ಬೆಲ್ಟು

ಮೊದ್ಲೇ ಹೇಳಿಬಿಡ್ತೀನಿ, ಮೈ ಮುಟ್ಟದೇ ಉಸಿರು ಎಣಿಸೋಕೆ ನನ್ನ ಓಟು 60 ಗಿಗಾಹರ್ಟ್ಜ್ ರಾಡಾರ್ ಮಾಡ್ಯೂಲಿಗೆ, ಅಂದ್ರೆ ರೇಡಿಯೋ ತರಂಗ ಬಿಟ್ಟು ಅಲ್ಲಾಟ ಗುರುತಿಸೋ ಪುಟ್ಟ ಬೋರ್ಡಿಗೆ. ಮೂರು ಸಾವಿರದ ಹತ್ರ ಬಿತ್ತು, ಅದಕ್ಕೂ ಮುಂಚೆ ದುಡ್ಡು ಉಳಿಸೋಕೆ ಹೋಗಿ ನಾನೂರು ರೂಪಾಯಿಯ 24 ಗಿಗಾಹರ್ಟ್ಜ್ ತಗೊಂಡು ಒಂದು ತಿಂಗಳು ಹಾಳು ಮಾಡ್ಕೊಂಡೆ. ರಾತ್ರಿ ಅಜ್ಜಿ ಹೆಂಗೆ ಉಸಿರಾಡ್ತಾರೆ ಅಂತ ಲೆಕ್ಕ ಇಡಬೇಕಿತ್ತು, ಅಷ್ಟೇ.

ಎದೆಗೆ ಕಟ್ಟೋ ಬೆಲ್ಟು ಎಣಿಕೆಯಲ್ಲಿ ಎಲ್ಲಕ್ಕಿಂತ ಸರಿ. ಆದ್ರೆ ಎರಡನೇ ರಾತ್ರಿನೇ ಅಜ್ಜಿ "ಏನೋ ಇದು, ಎತ್ತಿಗೆ ಕಟ್ಟಿದಂಗೆ" ಅಂತ ಬಿಚ್ಚಿ ದಿಂಬಿನ ಕೆಳಗೆ ತುರುಕಿದ್ರು. ಅಲ್ಲಿಗೆ ಅದರ ಕಥೆ ಮುಗೀತು.

ಇನ್ನು ಆ 24. ಒಂದಿನ ಅಜ್ಜಿ ಬಚ್ಚಲಿಗೆ ಹೋಗಿದ್ರು, ಮಂಚ ಖಾಲಿ, ಸ್ಕ್ರೀನಲ್ಲಿ ಮಾತ್ರ ನಿಮಿಷಕ್ಕೆ 12 ಉಸಿರು! ದೊಡ್ಡೋರಿಗೆ 12ರಿಂದ 20 ಮಾಮೂಲಿ, ಹಂಗಾಗಿ ಅಲ್ಲಿವರೆಗೂ ಅನುಮಾನನೇ ಬಂದಿರಲಿಲ್ಲ. ವೈರ್ ಬದಲಾಯಿಸ್ದೆ, ಚಾರ್ಜರ್ ಬದಲಾಯಿಸ್ದೆ, ಕೋಡ್ ಎರಡು ಸಲ ಬರೆದೆ, ಕೊನೆಗೆ ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕ್ಕೊಂಡು ನೆಲದ ಮೇಲೆ ಕೂತೆ. ಟೇಬಲ್ ಫ್ಯಾನು ನಿಮಿಷಕ್ಕೆ ಆರು ಸಲ ಆ ಕಡೆ ಈ ಕಡೆ ತಿರುಗಿ ಬರ್ತಿತ್ತು, ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ ಮಂಚದಾಚೆ ಕಿಟಕಿ ಪರದೆ ಮೇಲೇಳ್ತಿತ್ತು. ಆರೆರಡ್ಲ ಹನ್ನೆರಡು. ಒಂದು ತಿಂಗಳು ನಾನು ಬರೆದಿಟ್ಟಿದ್ದರಲ್ಲಿ ಅಜ್ಜಿ ಉಸಿರೆಷ್ಟೋ, ಪರದೆ ಉಸಿರೆಷ್ಟೋ.

ನಾನು ತಗೊಂಡಿದ್ದು ಬರೀ ಡಾಪ್ಲರ್, ಏನೋ ಅಲ್ಲಾಡ್ತಿದೆ ಅಂತ ಹೇಳುತ್ತೆ, ಎಷ್ಟು ದೂರದಲ್ಲಿ ಅಂತ ಹೇಳಲ್ಲ. 60ರದ್ದು ತರಂಗದ ಫ್ರೀಕ್ವೆನ್ಸಿನ ಮೇಲಕ್ಕೆ ಎಳೀತಾ ಹೋಗುತ್ತೆ, ವಾಪಸ್ ಬಂದಿದ್ದರ ಜೊತೆ ಹೋಲಿಸಿ ದೂರ ಲೆಕ್ಕ ಹಾಕುತ್ತೆ, ಹಂಗೆ ಎಳೆಯೋಕೆ 4 ಗಿಗಾಹರ್ಟ್ಜ್ ಅಗಲ ಸಿಕ್ರೆ ಹೆಚ್ಚುಕಮ್ಮಿ 4 ಸೆಂಟಿಮೀಟರ್ ಅಂತರದ ಎರಡು ವಸ್ತುನೂ ಬೇರೆಬೇರೆ ಕಾಣುತ್ತೆ. 24ರಲ್ಲೂ ಆ ಥರದ್ದು ಬರುತ್ತೆ, ಆದ್ರೆ 250 ಮೆಗಾಹರ್ಟ್ಜ್ ಅಗಲದಲ್ಲಿ 60 ಸೆಂಟಿಮೀಟರೇ ಗತಿ. ನಾನು ಒಂದು ಮೀಟರ್ ಆಚೆಗಿರೋದನ್ನೆಲ್ಲ ಬಿಟ್ಟಾಕು ಅಂತ ಸೆಟ್ ಮಾಡ್ದೆ, ಪರದೆ ಕಾಟ ತಪ್ಪಿತು. ತರಂಗದ ಉದ್ದನೂ ಬರೀ 5 ಮಿಲಿಮೀಟರ್, ಎದೆ ಕೆಲವೇ ಮಿಲಿಮೀಟರ್ ಏರಿದ್ರೂ ಗ್ರಾಫಲ್ಲಿ ಚೆನ್ನಾಗಿ ಎದ್ದು ಕಾಣುತ್ತೆ.

ಹಾರ್ಟ್ ರೇಟ್ ಕೂಡ ತೋರಿಸುತ್ತೆ, ನಾನು ನೋಡೋದೇ ಇಲ್ಲ. ಉಸಿರು ನಿಂತ್ರೆ ಕೂಗುತ್ತೆ ಅಂತ ನಂಬ್ಕೊಂಡು ಮಲಗೋ ಸಾಮಾನೂ ಅಲ್ಲ ಇದು.

ಗಾಳಿ ನೇರ ಹೊದಿಕೆಗೆ ಬಡಿದ್ರೆ 60ಕ್ಕೂ ದಾರಿ ತಪ್ಪುತ್ತೆ, ಅದಕ್ಕೆ ಫ್ಯಾನ್ ತಿರುಗೋದನ್ನ ನಿಲ್ಲಿಸಿ ಕಾಲಿನ ಕಡೆ ಮುಖ ಮಾಡಿಟ್ಟಿದೀನಿ. ಪುಟ್ಟಿ ಬಂದು ಅಜ್ಜಿನ ತಬ್ಕೊಂಡು ಮಲಗಿದ ರಾತ್ರಿ ಯಾರ ಉಸಿರು ಯಾವುದು ಅಂತ ಗೊತ್ತಾಗಲ್ಲ, ಅವತ್ತಿನದು ಮಾತ್ರ ಬೆಳಗ್ಗೆ ಎದ್ದು ಡಿಲೀಟ್ ಮಾಡ್ತೀನಿ.